ಮುಖ ಉರಿಯುತ್ತಿದೆಯಾ, ಜುಮ್ ಎನ್ನುತ್ತಿದೆಯಾ? ಎಲ್ಲಿ, ಎಷ್ಟು ಹೊತ್ತು ಎಂದು ಮೊದಲು ನೋಡಿಕೊಳ್ಳಿ

ನಮ್ಮ ದೊಡ್ಡಮ್ಮ ಸುಮಾರು ಒಂದು ವರ್ಷ ಎಡಗೆನ್ನೆಯನ್ನು ಯಾರಿಗೂ ಮುಟ್ಟಲು ಬಿಡಲಿಲ್ಲ. ಫ್ಯಾನ್ ಕೆಳಗೆ ಕೂರುತ್ತಿರಲಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕರೆ ಸೆರಗಿನಿಂದ ಮುಖ ಮುಚ್ಚಿಕೊಂಡುಬಿಡುತ್ತಿದ್ದರು. ಹಲ್ಲುಜ್ಜುವಾಗ, ರೊಟ್ಟಿ ಅಗಿಯುವಾಗ, ಕೆಲವು ಸಲ ಸುಮ್ನೆ ಮಾತಾಡುವಾಗಲೂ ಕೆನ್ನೆಗೆ ಕರೆಂಟ್ ಹೊಡೆದ ಹಾಗೆ ಆಗುತ್ತಿತ್ತು. ಹಲ್ಲಿನದ್ದೇ ತೊಂದರೆ ಎಂದುಕೊಂಡು ಎರಡು ದವಡೆ ಹಲ್ಲು ಕೀಳಿಸಿದ್ದೂ ಆಯಿತು. ನೋವು ಇದ್ದಲ್ಲೇ ಇತ್ತು. ಕೊನೆಗೆ ನರರೋಗದ ಡಾಕ್ಟರ್ ಹತ್ತಿರ ಹೋದಾಗ ಅವರು ಮೊದಲು ಕೇಳಿದ್ದು ಎರಡೇ ಪ್ರಶ್ನೆ. "ಒಂದು ಸಲ ಬಂದರೆ ಎಷ್ಟು ಹೊತ್ತು ಇರುತ್ತಮ್ಮಾ? ಎಲ್ಲಿಂದ ಎಲ್ಲಿಗೆ ಹೋಗುತ್ತೆ, ಬೆರಳಿಟ್ಟು ತೋರಿಸಿ."

ಆ ಎರಡು ಪ್ರಶ್ನೆಗೆ ಉತ್ತರ ಸಿಕ್ಕಿದ್ದೇ ತಡ, ಕಾಯಿಲೆ ಯಾವುದೆಂದು ಅವರಿಗೆ ಹೆಚ್ಚುಕಡಿಮೆ ಗೊತ್ತಾಗಿಹೋಯಿತು. ಅವತ್ತಿನಿಂದ ನಾನು ಈ ವಿಷಯವನ್ನು ಓದುತ್ತಾ, ಗೊತ್ತಿರುವ ಡಾಕ್ಟರುಗಳನ್ನು ಕೇಳುತ್ತಾ ಬಂದಿದ್ದೇನೆ. ಮುಖದ ಉರಿಗೆ ಕಾರಣಗಳು ತುಂಬಾ ಇವೆ. ಕೆಲವು ಏನೂ ಅಲ್ಲ, ಕೆಲವಕ್ಕೆ ಗಂಟೆಗಳ ಲೆಕ್ಕದಲ್ಲಿ ಚಿಕಿತ್ಸೆ ಬೇಕು. ಆದರೆ ಎಲ್ಲದರಲ್ಲೂ ಸುಳಿವು ಇರುವುದು ಜಾಗದಲ್ಲಿ ಮತ್ತು ಗಡಿಯಾರದಲ್ಲಿ.

ಮೊದಲು ಒಂದು ಮಾತು. ನಮ್ಮ ಭಾಷೆಯಲ್ಲಿ ಇದಕ್ಕೆ ಎಷ್ಟೊಂದು ಪದಗಳಿವೆ ನೋಡಿ. ಉರಿ ಬೇರೆ, ಚುರುಚುರು ಬೇರೆ. ಜುಮ್ ಎನ್ನುವುದು ಬೇರೆ, ಜೋಮು ಹಿಡಿಯುವುದು ಬೇರೆ, ಇರುವೆ ಹರಿದಾಡಿದ ಹಾಗೆ ಆಗುವುದು ಬೇರೆ. ಪೂರ್ತಿ ಮರಗಟ್ಟುವುದಂತೂ ಇನ್ನೊಂದೇ. ಡಾಕ್ಟರ್ ಮುಂದೆ ಕೂತಾಗ ಇದನ್ನೆಲ್ಲ ಒಟ್ಟು ಸೇರಿಸಿ "ಪೇಯ್ನ್ ಇದೆ ಸರ್" ಎಂದುಬಿಡುತ್ತೇವೆ, ಅಲ್ವಾ? ಹಾಗೆ ಮಾಡಬೇಡಿ. ನಿಮಗೆ ಹೇಗೆ ಅನಿಸುತ್ತದೋ ಅದೇ ಪದದಲ್ಲಿ ಹೇಳಿ. ಆ ಪದವೇ ಅರ್ಧ ಪರೀಕ್ಷೆ.

ಈಗ ಮುಖದ ನಕ್ಷೆ. ಮಿದುಳಿನಿಂದ ನೇರವಾಗಿ ಹೊರಡುವ ನರಗಳು 12 ಜೊತೆ. ಅದರಲ್ಲಿ ಐದನೆಯದು ಟ್ರೈಜೆಮಿನಲ್ ನರ. ಮುಖಕ್ಕೆ ಬಿಸಿ, ತಣ್ಣಗೆ, ಮುಟ್ಟಿದ್ದು, ನೋವಾಗಿದ್ದು ಗೊತ್ತಾಗುವುದು ಬಹುಪಾಲು ಇದರಿಂದಲೇ. ಬಲಕ್ಕೊಂದು, ಎಡಕ್ಕೊಂದು ಇರುತ್ತದೆ. ಒಂದೊಂದಕ್ಕೂ ಮೂರು ಕವಲು. ಹಣೆ ಮತ್ತು ಕಣ್ಣಿನ ಸುತ್ತ ಮೊದಲನೆಯದು. ಕೆನ್ನೆ, ಮೇಲ್ದುಟಿ, ಮೇಲಿನ ಹಲ್ಲು ಎರಡನೆಯದು. ಗದ್ದ, ಕೆಳದುಟಿ, ಕೆಳಗಿನ ಹಲ್ಲು ಮೂರನೆಯದು. ಕಿವಿಯ ಕೆಳಗೆ ದವಡೆ ತಿರುಗುವ ಮೂಲೆ ಇದೆಯಲ್ಲ, ಆ ಜಾಗ ಮಾತ್ರ ಈ ನರಕ್ಕೆ ಸೇರಿದ್ದಲ್ಲ. ಅದು ಕುತ್ತಿಗೆಯಿಂದ ಬರುವ ನರದ ಪಾಲು. ಹಾಗಾಗಿ ಉರಿ ಒಂದೇ ಪಕ್ಕದಲ್ಲಿ, ಒಂದೇ ಕವಲಿನ ಗಡಿಯೊಳಗೆ ನಿಂತರೆ ನರದ ಮೇಲೇ ಅನುಮಾನ. ಎರಡೂ ಪಕ್ಕ ಸಮನಾಗಿ ಬಂದರೆ ರಕ್ತದಲ್ಲೋ, ಉಸಿರಾಟದಲ್ಲೋ, ಚರ್ಮದಲ್ಲೋ ಕಾರಣ ಹುಡುಕಬೇಕು. ಮುಖದ ಜೊತೆ ಅದೇ ಪಕ್ಕದ ಕೈಯೂ ಸೇರಿಕೊಂಡರೆ ಮಿದುಳಿನ ಕಡೆ ನೋಡಬೇಕು.

ಬೆಂಕಿ ಇಲ್ಲದೆ ಉರಿ ಹೇಗೆ? ಮೆಣಸಿನಕಾಯಿ ಕತ್ತರಿಸಿದ ಕೈಯಲ್ಲಿ ಮುಖ ಮುಟ್ಟಿಕೊಂಡವರಿಗೆಲ್ಲ ಇದು ಗೊತ್ತು. ನರದ ತುದಿಯಲ್ಲಿ ಒಂದು ಪುಟ್ಟ ಬಾಗಿಲಿದೆ, ಟಿಆರ್‌ಪಿವಿ1 ಅಂತ ಹೆಸರು. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ತೆರೆದುಕೊಂಡು "ಸುಡುತ್ತಿದೆ" ಎಂಬ ಸುದ್ದಿಯನ್ನು ಮಿದುಳಿಗೆ ಕಳಿಸುತ್ತದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಇದೇ ಬಾಗಿಲನ್ನು ಬಿಸಿಯೇ ಇಲ್ಲದೆ ತೆರೆದುಬಿಡುತ್ತದೆ. ಬಣ್ಣಕ್ಕೆ ಹೆಸರಾದ ಬ್ಯಾಡಗಿ ಮೆಣಸಿನಲ್ಲಿ ಈ ಕ್ಯಾಪ್ಸೈಸಿನ್ ಕಡಿಮೆ, ಗುಂಟೂರಿನದರಲ್ಲಿ ಜಾಸ್ತಿ. ಈ ಬಾಗಿಲನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ, ಆರ್ಡೆಮ್ ಪಟಪೂಟಿಯನ್ ಜೊತೆ, ನೊಬೆಲ್ ಬಂತು. ನಮಗೆ ಬೇಕಾದ ವಿಷಯ ಇಷ್ಟು: ನರಕ್ಕೆ ಗೊತ್ತಿರುವ ಮಾತು ಕಡಿಮೆ. ಬೆಂಕಿ ತಗಲಿದರೂ, ಕೀಟನಾಶಕ ತಗಲಿದರೂ, ವೈರಸ್ ಒಳಗೆ ಕೂತು ಕಡಿದರೂ ಅದು ಹೇಳುವುದು "ಉರಿ" ಎಂದೇ.

ಅರ್ಜೆಂಟಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಸರಿಯಾಗಿದ್ದವರಿಗೆ ಇದ್ದಕ್ಕಿದ್ದಂತೆ, ಒಂದು ನಿಮಿಷದೊಳಗೆ, ಮುಖದ ಒಂದು ಪಕ್ಕ ಜೋಮು ಹಿಡಿದು ಜೊತೆಗೆ ಬಾಯಿ ಸೊಟ್ಟಗಾದರೆ, ಅದೇ ಪಕ್ಕದ ಕೈ ಸೋತರೆ, ಮಾತು ತೊದಲಿದರೆ, ಅದು ಸ್ಟ್ರೋಕ್ ಇರಬಹುದು. 108ಕ್ಕೆ ಫೋನ್ ಮಾಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಿ. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡುವುದಕ್ಕೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಅವಧಿ ಮಾತ್ರ ಇರುವುದು, ಅದೂ ಲಕ್ಷಣ ಶುರುವಾದ ಹೊತ್ತಿನಿಂದ ಲೆಕ್ಕ, ಆಸ್ಪತ್ರೆ ಬಾಗಿಲಿಂದಲ್ಲ. "ಬೆಳಿಗ್ಗೆ ನೋಡೋಣ" ಎನ್ನುವ ಒಂದು ಮಾತಿನಲ್ಲಿ ಆ ಅವಧಿ ಮುಗಿದುಹೋಗುತ್ತದೆ. ಬಾಯಿಗೆ ನೀರು, ಕಾಫಿ, ಮಾತ್ರೆ ಏನೂ ಹಾಕಬೇಡಿ, ನುಂಗಲು ಆಗದೆ ಶ್ವಾಸಕೋಶಕ್ಕೆ ಹೋಗಬಹುದು. ಹತ್ತು ನಿಮಿಷದಲ್ಲಿ ತಾನಾಗಿಯೇ ಸರಿಹೋದರೂ ಹೋಗಲೇಬೇಕು, ಅದು ಮುಂದೆ ಬರುವ ದೊಡ್ಡ ಸ್ಟ್ರೋಕಿನ ಮುನ್ಸೂಚನೆ ಇರಬಹುದು.

ಮೈಗ್ರೇನ್ ಇರುವವರಿಗೂ ಒಂದು ಪಕ್ಕ ಜುಮ್ ಎನ್ನುತ್ತದೆ. ಆದರೆ ಅದರ ನಡಿಗೆ ನಿಧಾನ. ಬೆರಳ ತುದಿಯಲ್ಲಿ ಶುರುವಾಗಿ, ಕೈ ಹತ್ತಿ, ಐದು ಹತ್ತು ನಿಮಿಷ ತೆಗೆದುಕೊಂಡು ತುಟಿಗೆ, ನಾಲಿಗೆಗೆ ಬರುತ್ತದೆ. ಒಂದು ಗಂಟೆಯೊಳಗೆ ಇಳಿದು, ಹೆಚ್ಚಾಗಿ ಆಮೇಲೆ ತಲೆನೋವು ಬರುತ್ತದೆ. ಸ್ಟ್ರೋಕ್ ಹೀಗೆ ನಡೆದು ಬರುವುದಿಲ್ಲ, ಒಮ್ಮೆಲೇ ಬಂದು ಬೀಳುತ್ತದೆ. ಆದರೂ ಜೀವನದಲ್ಲಿ ಮೊದಲ ಸಲ ಹೀಗಾದರೆ ಮೈಗ್ರೇನ್ ಎಂದು ನೀವೇ ತೀರ್ಮಾನ ಮಾಡಬೇಡಿ.

ಮುಖ ಸೊಟ್ಟಗಾಗುವ ಇನ್ನೊಂದು ತೊಂದರೆ ಬೆಲ್ಸ್ ಪಾಲ್ಸಿ. ನಮ್ಮ ಕಡೆ ಸ್ಟ್ರೋಕನ್ನೂ ಇದನ್ನೂ ಲಕ್ವ ಎಂದೇ ಕರೆಯುತ್ತಾರೆ, ಅದೇ ಗೊಂದಲಕ್ಕೆ ಕಾರಣ. ಇದು ಏಳನೆಯ ನರದ್ದು, ಮುಖವನ್ನು ಆಡಿಸುವ ನರ. ಕಿವಿಯ ಹಿಂದೆ ನೋವು, ಕೆನ್ನೆಯಲ್ಲಿ ಒಂಥರಾ ಜೋಮು, ಆಮೇಲೆ ಒಂದೆರಡು ದಿನದಲ್ಲಿ ಆ ಪಕ್ಕದ ಕಣ್ಣು ಮುಚ್ಚುವುದಿಲ್ಲ, ಹುಬ್ಬು ಏರುವುದಿಲ್ಲ, ಬಾಯಿಯಿಂದ ನೀರು ಸೋರುತ್ತದೆ. ಸ್ಟ್ರೋಕಿನಲ್ಲಿ ಸಾಮಾನ್ಯವಾಗಿ ಹಣೆಯ ಗೆರೆ ಉಳಿಯುತ್ತದೆ, ಇಲ್ಲಿ ಹಣೆಯೂ ಸೋಲುತ್ತದೆ. ಈ ವ್ಯತ್ಯಾಸ ನೋಡುವುದು ಡಾಕ್ಟರ್ ಕೆಲಸ. ನಿಮ್ಮ ಕೆಲಸ ಬೇಗ ಹೋಗುವುದು, ಏಕೆಂದರೆ ಇದಕ್ಕೆ ಕೊಡುವ ಸ್ಟೀರಾಯ್ಡ್ ಮಾತ್ರೆ 72 ಗಂಟೆಯೊಳಗೆ ಶುರುವಾದರೆ ಗುಣವಾಗುವ ಸಾಧ್ಯತೆ ಜಾಸ್ತಿ. ಮುಚ್ಚದ ಕಣ್ಣು ಒಣಗದ ಹಾಗೆ ನೋಡಿಕೊಳ್ಳುವುದೂ ಅಷ್ಟೇ ಮುಖ್ಯ.

72 ಗಂಟೆಯ ಲೆಕ್ಕ ಇನ್ನೊಂದು ಕಡೆಯೂ ಬರುತ್ತದೆ: ಸರ್ಪಸುತ್ತು. ಚಿಕ್ಕಂದಿನಲ್ಲಿ ಚಿಕನ್‌ಪಾಕ್ಸ್, ಮನೆಯಲ್ಲಿ ಅಮ್ಮ ಎನ್ನುತ್ತೇವಲ್ಲ ಅದು, ಬಂದು ಹೋದಮೇಲೆ ಆ ವೈರಸ್ ಸಾಯುವುದಿಲ್ಲ. ನರದ ಬುಡದ ಗಂಟಿನಲ್ಲಿ ದಶಕಗಟ್ಟಲೆ ಮಲಗಿರುತ್ತದೆ. ವಯಸ್ಸಾಗಿಯೋ, ಸಕ್ಕರೆ ಕಾಯಿಲೆಯಿಂದಲೋ, ಬೇರೆ ಔಷಧಿಗಳಿಂದಲೋ ಮೈಯ ಶಕ್ತಿ ಕುಂದಿದಾಗ ಎದ್ದು, ಅದೇ ನರದ ದಾರಿ ಹಿಡಿದು ಚರ್ಮಕ್ಕೆ ಬರುತ್ತದೆ. ಮೋಸ ಎಲ್ಲಿದೆ ಎಂದರೆ, ಗುಳ್ಳೆ ಏಳುವ ಕೆಲವು ದಿನ ಮೊದಲೇ ಉರಿ ಶುರುವಾಗುತ್ತದೆ. ಹಣೆಯ ಒಂದು ಪಕ್ಕ ಧಗಧಗ, ಬಾಚಣಿಗೆ ತಗಲಿದರೂ ತಡೆಯಲಾಗದು, ಕನ್ನಡಿಯಲ್ಲಿ ನೋಡಿದರೆ ಏನೂ ಇಲ್ಲ. ತಲೆನೋವಿನ ಮಾತ್ರೆ ನುಂಗಿ ದಿನ ಕಳೆಯುತ್ತದೆ. ಆಮೇಲೆ ಗುಳ್ಳೆ ಬಂದಾಗ, ಹಾವಿನ ಶಾಪ ಎಂದುಕೊಂಡು ಕೆಮ್ಮಣ್ಣು, ಸೊಪ್ಪಿನ ರಸ ಹಚ್ಚಿಸುವುದರಲ್ಲಿ ಇನ್ನೆರಡು ದಿನ ಹೋಗುತ್ತದೆ.

ತಲೆ ಬಾಲ ಕೂಡಿದರೆ ಜೀವಕ್ಕೇ ಅಪಾಯ ಎಂಬ ಭಯ ಹಳ್ಳಿಯಲ್ಲಿ ಮಾತ್ರವಲ್ಲ, ಪೇಟೆಯಲ್ಲೂ ಇದೆ. ಅದು ಸಾಮಾನ್ಯವಾಗಿ ಕೂಡುವುದೇ ಇಲ್ಲ. ಕಾರಣ ಸರಳ, ಆ ನರ ಮೈಯ ಒಂದೇ ಪಕ್ಕದ್ದು, ನಡುಗೆರೆ ದಾಟುವುದಿಲ್ಲ. ಭಯ ಪಡಬೇಕಾದ ಜಾಗ ಬೇರೆ ಇದೆ. ಮೂಗಿನ ತುದಿಯಲ್ಲಿ, ಮೂಗಿನ ಪಕ್ಕದಲ್ಲಿ ಗುಳ್ಳೆ ಎದ್ದರೆ ಕಣ್ಣಿಗೂ ಹೋಗುವ ಸಾಧ್ಯತೆ ಜಾಸ್ತಿ, ಏಕೆಂದರೆ ಎರಡಕ್ಕೂ ಹೋಗುವುದು ಒಂದೇ ನರದ ಎಳೆ. ಆಗ ಅವತ್ತೇ ಕಣ್ಣಿನ ಡಾಕ್ಟರನ್ನು ಕಾಣಬೇಕು, ದೃಷ್ಟಿ ಹೋಗಬಹುದು. ಗುಳ್ಳೆ ಎದ್ದ 72 ಗಂಟೆಯೊಳಗೆ ವೈರಸ್ ವಿರುದ್ಧದ ಮಾತ್ರೆ ಶುರು ಮಾಡಿದರೆ ಒಳ್ಳೆಯದು. ತಡವಾದರೂ ಹೋಗಿ, ಮುಖದ ಮೇಲಿನದಕ್ಕಂತೂ ಖಂಡಿತ ಹೋಗಿ. ಗುಳ್ಳೆ ಒಣಗಿ ಮೂರು ತಿಂಗಳಾದಮೇಲೂ ಉರಿ ಉಳಿದವರಿದ್ದಾರೆ. ವಯಸ್ಸಾದವರಲ್ಲಿ ಇದು ಜಾಸ್ತಿ, ನಿದ್ದೆ ಕೆಡಿಸಿಬಿಡುತ್ತದೆ. ಅದಕ್ಕೆ ನರದ ನೋವಿನ ಮಾತ್ರೆಗಳೇ ಬೇರೆ ಇವೆ, ಸಾಮಾನ್ಯ ನೋವಿನ ಗುಳಿಗೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. 50 ದಾಟಿದವರಿಗೆ ಎರಡು ಡೋಸಿನ ಲಸಿಕೆ 2023ರಿಂದ ಭಾರತದಲ್ಲೂ ಸಿಗುತ್ತಿದೆ. ದುಬಾರಿ, ಆದರೆ ಮನೆಯ ಹಿರಿಯರಿಗಾಗಿ ಒಮ್ಮೆ ಡಾಕ್ಟರನ್ನು ಕೇಳಿ ನೋಡಿ.

ಇನ್ನು ದೊಡ್ಡಮ್ಮನ ಕಾಯಿಲೆ. ಟ್ರೈಜೆಮಿನಲ್ ನ್ಯೂರಾಲ್ಜಿಯಾ. ನಟ ಸಲ್ಮಾನ್ ಖಾನ್ ತಮಗೂ ಇದು ಇತ್ತು ಎಂದು ಹೇಳಿಕೊಂಡ ಮೇಲೆ ಹೆಸರು ಸ್ವಲ್ಪ ಜನಕ್ಕೆ ಗೊತ್ತಾಯಿತು. ಇದು ಉರಿಯಲ್ಲ, ಮಿಂಚು. ಒಂದೊಂದು ಸಲ ಕೆಲವು ಸೆಕೆಂಡು, ತುಂಬಾ ಎಂದರೆ ಎರಡು ನಿಮಿಷ. ನಡುವೆ ಏನೂ ಇರುವುದಿಲ್ಲ, ಮತ್ತೆ ಗಾಳಿ ಸೋಕಿದರೆ, ಶೇವಿಂಗ್ ಮಾಡಿದರೆ, ಮುಖ ತೊಳೆದರೆ ಹೊಡೆಯುತ್ತದೆ. ಹೆಚ್ಚಿನವರಲ್ಲಿ ಮಿದುಳಿನ ಬುಡದ ಹತ್ತಿರ ಒಂದು ರಕ್ತನಾಳ ಈ ನರಕ್ಕೆ ಒತ್ತಿಕೊಂಡು ಬಡಿಯುತ್ತಾ ಬಡಿಯುತ್ತಾ, ವೈರ್ ಮೇಲಿನ ಪ್ಲಾಸ್ಟಿಕ್ ಸವೆದ ಹಾಗೆ ನರದ ಹೊದಿಕೆ ಸವೆದಿರುತ್ತದೆ. ನೋವು ಬಂದು ನಿಲ್ಲುವುದು ಹಲ್ಲಿನಲ್ಲೇ ಆದ್ದರಿಂದ ಎಷ್ಟೋ ಜನ ಮೊದಲು ಹಲ್ಲು ಕಳೆದುಕೊಳ್ಳುತ್ತಾರೆ. ಹಲ್ಲು ಹಾಳಾಗಿದ್ದರೆ ಬಿಸಿ ಕಾಫಿಗೆ, ತಣ್ಣೀರಿಗೆ ನೋವು ಬಂದು ಸ್ವಲ್ಪ ಹೊತ್ತು ಕಾಡುತ್ತದೆ, ರಾತ್ರಿ ಮಿಡಿಯುತ್ತದೆ. ಕೆನ್ನೆಯ ಚರ್ಮವನ್ನು ಬೆರಳಲ್ಲಿ ಸವರಿದರೆ ಮಿಂಚು ಹೊಡೆಯುವುದು ಹಲ್ಲಿನ ಲಕ್ಷಣವಲ್ಲ. ಈ ಒಂದು ಮಾತು ನಮಗೆ ಮೊದಲೇ ಗೊತ್ತಿದ್ದರೆ ಎಂದು ಈಗಲೂ ಸಂಕಟವಾಗುತ್ತದೆ.

ಇದಕ್ಕೆ 1960ರ ದಶಕದಿಂದ ಕೊಡುತ್ತಿರುವ ಮಾತ್ರೆ ಕಾರ್ಬಮಝೆಪೈನ್, ಮೂಲತಃ ಮೂರ್ಛೆರೋಗದ ಔಷಧಿ. ತುಂಬಾ ಜನಕ್ಕೆ ದಿನಗಳಲ್ಲೇ ಆರಾಮ ಸಿಗುತ್ತದೆ. ಎಚ್ಚರವೂ ಬೇಕು. ಶುರು ಮಾಡಿದ ಮೊದಲ ವಾರಗಳಲ್ಲಿ ಮೈಮೇಲೆ ದದ್ದು, ಬಾಯಲ್ಲಿ ಹುಣ್ಣು, ಜ್ವರ ಬಂದರೆ ಮುಂದಿನ ಮಾತ್ರೆ ನುಂಗದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಏಷ್ಯಾದವರಲ್ಲಿ ಕೆಲವರಿಗೆ ಇರುವ ಒಂದು ಜೀನ್‌ನಿಂದ ಈ ಅಲರ್ಜಿ ಜೀವಕ್ಕೇ ಬರಬಹುದು. ವಯಸ್ಸಾದವರಲ್ಲಿ ಸೋಡಿಯಂ ಇಳಿದು ತೂಕಡಿಕೆ, ತಡಬಡ ಆಗುತ್ತದೆ, ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ಎಂಆರ್‌ಐ ಒಮ್ಮೆ ಮಾಡಿಸುತ್ತಾರೆ. ಗಡ್ಡೆಯೋ, ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಕಾಯಿಲೆಯೋ ನರವನ್ನು ಕೆಣಕುತ್ತಿಲ್ಲ ಎಂದು ನೋಡುವುದಕ್ಕೆ ಅದು, ನಲವತ್ತರ ಒಳಗಿನವರಲ್ಲಂತೂ ಬೇಕೇ ಬೇಕು. ಮಾತ್ರೆಗೆ ಬಗ್ಗದಿದ್ದರೆ ರಕ್ತನಾಳವನ್ನೂ ನರವನ್ನೂ ಬೇರೆ ಮಾಡುವ ಆಪರೇಷನ್ ಇದೆ.

ಈಗ ಎರಡೂ ಪಕ್ಕ, ಅದರಲ್ಲೂ ಬಾಯಿಯ ಸುತ್ತ ಜುಮ್ ಎನ್ನುವವರ ಮಾತು. ಗಾಬರಿಯಾದಾಗ ನಮಗೆ ಗೊತ್ತಿಲ್ಲದೆ ಉಸಿರು ಜೋರಾಗುತ್ತದೆ. ಇಂಗಾಲದ ಡೈಆಕ್ಸೈಡ್ ಜಾಸ್ತಿ ಹೊರಗೆ ಹೋಗಿ ರಕ್ತ ಕ್ಷಾರದ ಕಡೆ ವಾಲುತ್ತದೆ. ಆಗ ರಕ್ತದಲ್ಲಿ ಬಿಡಿಯಾಗಿ ಓಡಾಡುವ ಕ್ಯಾಲ್ಸಿಯಂ ಕಡಿಮೆಯಾಗಿ ನರಗಳು ಸುಮ್ಮಸುಮ್ಮನೆ ಕಿರುಚತೊಡಗುತ್ತವೆ. ತುಟಿ, ಬೆರಳು ಜುಮ್ ಎನ್ನುತ್ತವೆ. ಅದನ್ನು ಕಂಡು ಇನ್ನೂ ಗಾಬರಿ, ಇನ್ನೂ ಜೋರು ಉಸಿರು. ಪರೀಕ್ಷೆಯ ಹಾಲಿನಲ್ಲಿ, ಸಾವಿನ ಮನೆಯಲ್ಲಿ ಇದನ್ನು ನೋಡಿಯೇ ಇರುತ್ತೀರಿ. ಇದು ನಾಟಕವಲ್ಲ, ದಯವಿಟ್ಟು ಹಾಗೆ ಹೇಳಬೇಡಿ, ಒಳಗೆ ನಿಜವಾಗಿಯೂ ರಕ್ತದ ರಸಾಯನ ಬದಲಾಗಿದೆ. ಪಕ್ಕದಲ್ಲಿ ಕೂತು ಉಸಿರನ್ನು ನಿಧಾನವಾಗಿ, ಉದ್ದವಾಗಿ ಬಿಡಿಸಿದರೆ ಕೆಲವು ನಿಮಿಷಗಳಲ್ಲಿ ಇಳಿಯುತ್ತದೆ. ಮೂಗಿಗೆ ಕವರ್ ಹಿಡಿಯುವ ಹಳೆಯ ಪದ್ಧತಿ ಬೇಡ, ಹೃದಯದ್ದೋ ಆಸ್ತಮಾದ್ದೋ ತೊಂದರೆ ಇದ್ದವರಿಗೆ ಅದು ಅಪಾಯ.

ಥೈರಾಯ್ಡ್ ಆಪರೇಷನ್ ಆದ ಮೊದಲ ದಿನಗಳಲ್ಲಿ ತುಟಿ ಜುಮ್ ಎಂದರೆ ನಿಜವಾಗಿಯೇ ಕ್ಯಾಲ್ಸಿಯಂ ಇಳಿದಿರಬಹುದು, ನರ್ಸಿಗೆ ತಕ್ಷಣ ಹೇಳಿ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ತುಟಿ ಜುಮ್ ಎಂದು ಬೆವರು, ನಡುಕ ಬಂದರೆ ಸಕ್ಕರೆ ಇಳಿದಿದೆ ಎಂದೇ ತಿಳಿದು ಸಿಹಿ ಕೊಡಿ. ಊಟವಾದ ಕೂಡಲೇ, ಅಥವಾ ಯಾವುದಾದರೂ ಮಾತ್ರೆ ನುಂಗಿದ ಕೂಡಲೇ ತುಟಿ ಚುರುಗುಟ್ಟಿ ಊದಿಕೊಂಡು, ಧ್ವನಿ ಕಟ್ಟಿ, ಉಸಿರು ಕಷ್ಟವಾದರೆ ಅಲರ್ಜಿ, ಒಂದು ನಿಮಿಷವೂ ಕಾಯಬಾರದು. ಮೈಗ್ರೇನಿಗೆ ಕೊಡುವ ಟೋಪಿರಮೇಟ್, ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆಗೆ ಕೊಡುವ ಅಸೆಟಝೋಲಮೈಡ್, ಇವೆರಡರಿಂದಲೂ ಮುಖ, ಬೆರಳು ಜುಮ್ ಎನ್ನುವುದು ಸಾಮಾನ್ಯ. ಬಿ12 ಕೊರತೆಯಲ್ಲಿ ಹೆಚ್ಚಾಗಿ ಪಾದದಿಂದ ಶುರು, ಆದರೆ ನಾಲಿಗೆ ಕೆಂಪಗೆ ನುಣ್ಣಗಾಗಿ ಉರಿಯುತ್ತದೆ. ಶುದ್ಧ ಸಸ್ಯಾಹಾರಿಗಳು, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುತ್ತಿರುವವರು ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಪತ್ರೊಡೆ ತಿಂದು ಬಾಯಿ ತುರಿಸಿದರೆ ಮಾತ್ರ ನರಕ್ಕೂ ರಕ್ತಕ್ಕೂ ಸಂಬಂಧವಿಲ್ಲ, ಕೆಸುವಿನ ಎಲೆಯೊಳಗಿನ ಸೂಜಿಯಂಥ ಹರಳುಗಳು ಚುಚ್ಚಿವೆ ಅಷ್ಟೇ.

ಚರ್ಮದ ಕಡೆಯಿಂದ ಬರುವ ಉರಿ ನಮ್ಮಲ್ಲಿ ತುಂಬಾ ಇದೆ, ಆದರೆ ಅದರ ಬಗ್ಗೆ ಮಾತು ಕಡಿಮೆ. ಹತ್ತಿ, ತೊಗರಿ, ಮೆಣಸಿನಕಾಯಿಗೆ ಔಷಧಿ ಹೊಡೆಯುವವರನ್ನು ಕೇಳಿ ನೋಡಿ. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಥರದ ಔಷಧಿ ಹೊಡೆದ ದಿನ ಸಂಜೆ ಮುಖ ಚುಮುಚುಮು, ಉರಿ. ಕನ್ನಡಿಯಲ್ಲಿ ನೋಡಿದರೆ ಚರ್ಮ ಕೆಂಪಗೂ ಆಗಿರುವುದಿಲ್ಲ. ಬೆವರಿದರೆ, ಬಿಸಿಲಿಗೆ ಹೋದರೆ, ಬಿಸಿನೀರು ಹಾಕಿದರೆ ಜಾಸ್ತಿ. ಈ ಔಷಧಿ ಹುಳುವಿನ ನರವನ್ನು ಕೊಲ್ಲುವುದು ಹೇಗೋ ಹಾಗೇ ನಮ್ಮ ಚರ್ಮದಲ್ಲಿರುವ ನರದ ತುದಿಯಲ್ಲೂ ಸೋಡಿಯಂ ಒಳಗೆ ಬರುವ ಬಾಗಿಲನ್ನು ಮುಚ್ಚಲು ಬಿಡುವುದಿಲ್ಲ, ಅದಕ್ಕೇ ಉರಿ. ಸಾಮಾನ್ಯವಾಗಿ ಒಂದು ದಿನದೊಳಗೆ ಇಳಿಯುತ್ತದೆ. ತಣ್ಣೀರು ಮತ್ತು ಸೋಪಿನಲ್ಲಿ ಚೆನ್ನಾಗಿ ತೊಳೆದು, ಆಮೇಲೆ ಅಡುಗೆ ಎಣ್ಣೆ ಅಥವಾ ವಿಟಮಿನ್ ಇ ಎಣ್ಣೆ ಸವರಿದರೆ ಆರಾಮ. ಆದರೆ ಅಂಗಡಿಯಲ್ಲಿ ಸಿಗುವ ಎಷ್ಟೋ ಬಾಟಲಿಗಳಲ್ಲಿ ಸೈಪರ್‌ಮೆಥ್ರಿನ್ ಜೊತೆ ಕ್ಲೋರ್‌ಪೈರಿಫಾಸ್ ಸೇರಿಸಿರುತ್ತಾರೆ. ಅದು ಬೇರೆಯೇ ವಿಷ. ಜೊಲ್ಲು, ವಾಂತಿ, ವಿಪರೀತ ಬೆವರು, ಕಣ್ಣು ಮಂಜು, ಎದೆ ಬಿಗಿತ ಇದ್ದರೆ ಬಾಟಲಿಯನ್ನೂ ಕೈಯಲ್ಲಿ ಹಿಡಿದುಕೊಂಡೇ ಆಸ್ಪತ್ರೆಗೆ ಓಡಿ. ಗಾಳಿಗೆ ಎದುರು ನಿಂತು, ಬರೀ ಟವಲ್ ಸುತ್ತಿಕೊಂಡು ಔಷಧಿ ಹೊಡೆಯುವುದನ್ನು ನೋಡಿದಾಗಲೆಲ್ಲ ಎದೆ ಝಲ್ ಎನ್ನುತ್ತದೆ. ಒದ್ದೆ ಟವಲ್ ವಿಷವನ್ನು ತಡೆಯುವುದಿಲ್ಲ, ಮುಖಕ್ಕೆ ಅಂಟಿಸಿ ಇಡುತ್ತದೆ.

ಮಳೆಗಾಲದ ಇನ್ನೊಂದು ಉರಿ, ಆಸಿಡ್ ಫ್ಲೈ. ಕಪ್ಪು, ಕಿತ್ತಳೆ ಪಟ್ಟೆಯ, ಇರುವೆಗಿಂತ ಸ್ವಲ್ಪ ಉದ್ದದ ಹುಳು, ಟ್ಯೂಬ್‌ಲೈಟಿಗೆ ಬರುತ್ತದೆ. ಅದು ಕಚ್ಚುವುದಿಲ್ಲ. ನಿದ್ದೆಯಲ್ಲಿ ನಾವು ಅದನ್ನು ಒರೆಸಿ ಅರೆದಾಗ ಅದರ ಮೈಯೊಳಗಿನ ಪೆಡೆರಿನ್ ಎಂಬ ವಿಷ ಚರ್ಮಕ್ಕೆ ಹತ್ತುತ್ತದೆ. ಉರಿ ತಕ್ಷಣ ಬರದೆ ಮಾರನೆಯ ದಿನ ಬರುವುದರಿಂದ ಕಾರಣ ತಿಳಿಯುವುದೇ ಇಲ್ಲ. ಬರೆ ಎಳೆದ ಹಾಗೆ ಕೆಂಪು ಗೆರೆ, ಸಣ್ಣ ಗುಳ್ಳೆ. ಎಷ್ಟೋ ಜನ ಇದನ್ನೇ ಸರ್ಪಸುತ್ತು ಎಂದು ಹೆದರುತ್ತಾರೆ. ಹುಳು ಮೈಮೇಲೆ ಕೂತರೆ ಊದಿ ಹಾರಿಸಿ, ಹೊಸಕಬೇಡಿ. ಆ ಕೈಯಲ್ಲಿ ಕಣ್ಣು ಉಜ್ಜಬೇಡಿ.

ವರ್ಷಗಟ್ಟಲೆ ಮುಖ, ಕಣ್ಣುರೆಪ್ಪೆ, ಕುತ್ತಿಗೆ ಉರಿದು ತುರಿಸಿ ಚರ್ಮ ದಪ್ಪವಾಗಿದ್ದರೆ, ಹೊಲದ ಬದುವಿನಲ್ಲಿ, ಖಾಲಿ ಸೈಟಿನಲ್ಲಿ ಪಾರ್ಥೇನಿಯಂ ಇದೆಯಾ ನೋಡಿ, ಕಾಂಗ್ರೆಸ್ ಗಿಡ ಎನ್ನುತ್ತಾರಲ್ಲ ಅದೇ. ಒಣಗಿದ ಗಿಡದ ಪುಡಿ ಗಾಳಿಯಲ್ಲಿ ಬಂದು ಕೂತರೂ ಸಾಕು, ಮುಟ್ಟಲೇಬೇಕೆಂದಿಲ್ಲ. ತಲೆಗೆ ಕಪ್ಪು ಡೈ ಹಚ್ಚಿದ ಒಂದೆರಡು ದಿನದಲ್ಲಿ ಹಣೆ, ಕಿವಿ, ರೆಪ್ಪೆ ಊದಿ ಉರಿದರೆ ಡೈ ಒಳಗಿನ ಪಿಪಿಡಿ ಎಂಬ ರಾಸಾಯನಿಕಕ್ಕೆ ಅಲರ್ಜಿ.

ಮತ್ತೆ ಫೇರ್‌ನೆಸ್ ಹೆಸರಿನ ಮುಲಾಮುಗಳು. ಮೆಡಿಕಲ್ ಶಾಪಿನಲ್ಲಿ, ಪಕ್ಕದ ಮನೆಯವರ ಮಾತಿನಲ್ಲಿ ಸಿಗುವ ಇಂಥ ಎಷ್ಟೋ ಟ್ಯೂಬುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಮೊದಲ ವಾರ ಮುಖ ಬೆಳ್ಳಗೆ, ನುಣ್ಣಗೆ. ತಿಂಗಳುಗಟ್ಟಲೆ ಹಚ್ಚಿದಮೇಲೆ ಚರ್ಮ ತೆಳುವಾಗಿ, ಕೆಂಪು ನಾಳಗಳು ಎದ್ದು, ಬಿಸಿಲು ಬಿದ್ದರೆ ಉರಿ, ಒಲೆ ಮುಂದೆ ನಿಂತರೆ ಉರಿ. ಹಚ್ಚುವುದನ್ನು ಬಿಟ್ಟರೆ ಇನ್ನೂ ಉರಿ, ಹಾಗಾಗಿ ಮತ್ತೆ ಹಚ್ಚುವುದು. ಚರ್ಮದ ಡಾಕ್ಟರುಗಳು ವರ್ಷಗಟ್ಟಲೆ ಕೂಗಿ ಹೇಳಿದ ಮೇಲೆ 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಈಗ ಹಚ್ಚುತ್ತಿರುವವರು ನಾಚಿಕೆ ಪಡದೆ ಟ್ಯೂಬನ್ನೇ ಹಿಡಿದುಕೊಂಡು ಚರ್ಮದ ಡಾಕ್ಟರ್ ಹತ್ತಿರ ಹೋಗಿ. ಬಿಡುವ ದಾರಿ ಅವರಿಗೆ ಗೊತ್ತು.

ಉರಿಯೂ ಇಲ್ಲ, ನೋವೂ ಇಲ್ಲ, ಒಂದು ಜಾಗ ಸುಮ್ಮನೆ ಮರಗಟ್ಟಿದೆ ಎಂದರೆ ಹೆಚ್ಚಿನವರು ಹೋಗುವುದೇ ಇಲ್ಲ. ಅಲ್ಲಿಯೇ ತಪ್ಪುವುದು. ಗದ್ದ, ಕೆಳದುಟಿಯ ಒಂದು ಪಕ್ಕ ಕಾರಣವಿಲ್ಲದೆ ಮರಗಟ್ಟಿದರೆ ದವಡೆಯೊಳಗೆ ಗಡ್ಡೆ ಇರಬಹುದು. ಗುಟ್ಕಾ, ಎಲೆಅಡಿಕೆ ಹೊಗೆಸೊಪ್ಪು ಹಾಕುವವರು ಒಂದು ದಿನವೂ ತಡ ಮಾಡಬಾರದು. ಮುಖದ ಮೇಲಿನ ಬಿಳಿಚಿದ ಮಚ್ಚೆಯಲ್ಲಿ ಸ್ಪರ್ಶ ಗೊತ್ತಾಗದಿದ್ದರೆ ಕುಷ್ಠರೋಗದ ಪರೀಕ್ಷೆ ಆಗಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ, ಬೇಗ ಶುರು ಮಾಡಿದರೆ ಅಂಗ ಊನವಾಗದೆ ಗುಣವಾಗುತ್ತದೆ. ದವಡೆ ಹಲ್ಲು ಕೀಳಿಸಿದ ಮೇಲೆ ತುಟಿ ಮರಗಟ್ಟಿರುವುದು ಇಂಜೆಕ್ಷನ್‌ನಿಂದ, ಕೆಲವು ಗಂಟೆಯಲ್ಲಿ ಹೋಗುತ್ತದೆ. ಮಾರನೆಯ ದಿನವೂ ಇದ್ದರೆ ಆ ಡಾಕ್ಟರಿಗೇ ತಿಳಿಸಿ.

ಡಾಕ್ಟರ್ ಹತ್ತಿರ ಹೋಗುವ ಮೊದಲು ಒಂದು ಚೀಟಿ ಬರೆದುಕೊಳ್ಳಿ. ಯಾವಾಗ ಶುರುವಾಯಿತು, ಒಂದು ಸಲ ಬಂದರೆ ಎಷ್ಟು ಹೊತ್ತು, ಏನು ಮಾಡಿದರೆ ಬರುತ್ತದೆ, ಹಿಂದಿನ ಎರಡು ದಿನ ಮುಖಕ್ಕೆ ಏನು ತಗಲಿತ್ತು, ಯಾವ ಮಾತ್ರೆ ನುಂಗುತ್ತಿದ್ದೀರಿ. ಕನ್ನಡಿ ಮುಂದೆ ನಿಂತು ಉರಿಯ ಗಡಿಯನ್ನು ಬೆರಳಲ್ಲಿ ಎಳೆದು ನೋಡಿ, ಆಗದಿದ್ದರೆ ಪೆನ್ನಿನಲ್ಲಿ ಗುರುತು ಹಾಕಿ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಗುಳ್ಳೆ ಇದ್ದರೆ ಅದರದ್ದೂ ಫೋಟೋ ಇರಲಿ, ಡಾಕ್ಟರ್ ಸಿಗುವ ಹೊತ್ತಿಗೆ ಒಣಗಿರಬಹುದು.

ದೊಡ್ಡಮ್ಮ ಈಗ ಬೆಳಿಗ್ಗೆ ಒಂದು, ರಾತ್ರಿ ಒಂದು ಮಾತ್ರೆಯಲ್ಲಿದ್ದಾರೆ. ಸೋಡಿಯಂ ಪರೀಕ್ಷೆಯ ತಾರೀಕನ್ನು ಕ್ಯಾಲೆಂಡರಿನಲ್ಲಿ ನಾನೇ ಗುರುತು ಹಾಕಿಕೊಟ್ಟಿದ್ದೇನೆ. ಹೋದ ತಿಂಗಳು ಊರಿಗೆ ಹೋದಾಗ ಫ್ಯಾನ್ ಕೆಳಗೇ ಕೂತು ಚಕ್ಕುಲಿ ತಿನ್ನುತ್ತಿದ್ದರು. ಎಡಗಡೆ ಆ ಎರಡು ಹಲ್ಲಿಲ್ಲ, ಬಲಗಡೆಯಿಂದ ಅಗಿಯುತ್ತಿದ್ದರು.